ಮಲೆನಾಡಿನ ಮಳೆಯೂ ಮೋಟಾರು ಸೈಕಲ್ಲಿನ ತುಕ್ಕೂ



ಕಾಫಿಯ ಬೆಳೆಗಾರರು ತುಕ್ಕು ಎಂಬ ಮಾತನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಗಿಡದ ಎಲೆಯ ಹಿಂಬದಿಯಲ್ಲಿ ಕಿತ್ತಳೆಬಣ್ಣದ ಪುಡಿಯಾಗಿ ಕಾಣಿಸಿಕೊಳ್ಳುವ ರೋಗಕ್ಕೆ ಎಲೆ ತುಕ್ಕು ಎಂದು ಹೆಸರು. ಮನೆಯ ಮುಂದೆ ನಿಂತಿರುವ ಮೋಟಾರು ಸೈಕಲ್ಲಿನ ಮಡ್‌ಗಾರ್ಡಿನ ಒಳಬದಿಯಲ್ಲಿ ಅದೇ ಬಣ್ಣದ ಪುಡಿಯಾಗಿ ಉದುರುವುದೂ ತುಕ್ಕೇ. ಮೊದಲನೆಯದು ಒಂದು ಬೂಷ್ಟಿನ ಕೆಲಸ. ಎರಡನೆಯದು ಗಾಳಿ ನೀರುಗಳ ಕೆಲಸ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಇವುಗಳನ್ನು ತಡೆಯುವ ಉಪಾಯದಲ್ಲಿ ಒಂದು ಹೋಲಿಕೆಯುಂಟು. ಆ ಹೋಲಿಕೆಯನ್ನೇ ದಾರಿದೀಪವಾಗಿ ಇಟ್ಟುಕೊಂಡು, ತುಕ್ಕು ಹಿಡಿದ ಮೋಟಾರು ಸೈಕಲ್ಲಿನ ಭಾಗಗಳಿಗೆ ಮನೆಯಲ್ಲಿಯೇ ಮರಳಿ ಬಣ್ಣ ಕೊಡುವ ವಿಚಾರವಾಗಿ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇದೇನು ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯನ್ನು ಬಲ್ಲವರು ಹಾಗೆ ಕೇಳಲಾರರು. ಅಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಬಸ್ಸು ಬರುವ ರಸ್ತೆಗೆ ಹೋಗಬೇಕಾದರೇ ಎಷ್ಟೋ ತೋಟಗಳನ್ನು ದಾಟಬೇಕು. ತೋಟದ ರೈಟರು, ಶಾಲೆಯ ಉಪಾಧ್ಯಾಯರು, ಹಾಲು ಹಾಕುವವರು, ಕಾಲೇಜಿಗೆ ಹೋಗುವ ಹುಡುಗರು, ಇವರಿಗೆಲ್ಲ ಎರಡು ಗಾಲಿಯ ಯಂತ್ರವೇ ಕುದುರೆ, ಅದೇ ಗಾಡಿ. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಅದೇ. ಅಂಥ ಯಂತ್ರದ ಕಬ್ಬಿಣ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಅಲಂಕಾರದ ಪ್ರಶ್ನೆಯಲ್ಲ.

ಈ ಸೀಮೆಗೂ ಕಬ್ಬಿಣಕ್ಕೂ ಹಳೆಯ ನಂಟು. ತರೀಕೆರೆಯ ಮೇಲಣ ಬೆಟ್ಟದಲ್ಲಿರುವ ಕೆಮ್ಮಣ್ಣುಗುಂಡಿಯ ಹೆಸರೇ ಆ ನೆಲದ ಬಣ್ಣವನ್ನು ಸಾರುತ್ತದೆ. 1923ರಲ್ಲಿ ಉರಿಯತೊಡಗಿದ ಭದ್ರಾವತಿಯ ಕುಲುಮೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದಲೇ. ಕಳಸದ ಪಕ್ಕದ ಕುದುರೆಮುಖದಲ್ಲಿಯೂ 2005ರ ಕೊನೆಯವರೆಗೆ ಅದಿರನ್ನು ತೆಗೆಯುತ್ತಿದ್ದರು. ಅದಿರು ಎಂದರೆ ಆಮ್ಲಜನಕದೊಡನೆ ಕೂಡಿಕೊಂಡ ಕಬ್ಬಿಣವಲ್ಲದೆ ಮತ್ತೇನೂ ಅಲ್ಲ. ಕುಲುಮೆಯಲ್ಲಿ ಇದ್ದಿಲನ್ನು ಉರಿಸಿ, ಆ ಆಮ್ಲಜನಕವನ್ನು ಬಲಾತ್ಕಾರದಿಂದ ಬಿಡಿಸಿ, ಶುದ್ಧ ಲೋಹವನ್ನು ಪಡೆಯುತ್ತೇವೆ. ಹೀಗೆ ಅಗಲಿಸಲ್ಪಟ್ಟ ಕಬ್ಬಿಣವು ತನ್ನ ಹಳೆಯ ಸಂಗಾತಿಯನ್ನು ಸೇರುವ ಸಂದರ್ಭಕ್ಕಾಗಿ ಸದಾ ಕಾದಿರುತ್ತದೆ. ನೀರಿನ ಮಧ್ಯಸ್ಥಿಕೆ ದೊರೆತೊಡನೆ ಸೇರಿಕೊಳ್ಳುತ್ತದೆ. ತುಕ್ಕೆಂದರೆ ಕಬ್ಬಿಣವು ಮತ್ತೆ ಕೆಮ್ಮಣ್ಣಾಗುವುದು. ಗಾಳಿಯೊಂದೇ ಇದ್ದರೆ ಸಾಲದು, ನೀರೊಂದೇ ಇದ್ದರೂ ಸಾಲದು; ಎರಡೂ ಕೂಡಿದಲ್ಲಿ ಮಾತ್ರ ಈ ಕಾರ್ಯ ನಡೆಯುತ್ತದೆ. ಕುದಿಸಿ ಗಾಳಿ ಕಳೆದ ನೀರಿನಲ್ಲಿ ಮೊಳೆಯನ್ನು ಹಾಕಿ ಮೇಲೆ ಎಣ್ಣೆಯ ಪದರವೊಂದನ್ನು ಬಿಟ್ಟರೆ ಮೊಳೆ ಬಹುಕಾಲ ಹೊಳೆಯುತ್ತಲೇ ಇರುವುದನ್ನು ಶಾಲೆಯ ಮಕ್ಕಳೂ ಪ್ರಯೋಗ ಮಾಡಿ ನೋಡುತ್ತಾರೆ.

ತುಕ್ಕಿಗೆ ಇನ್ನೊಂದು ದುರ್ಗುಣವುಂಟು. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚಿನ ಜಾಗವನ್ನು ಬೇಡುತ್ತದೆ. ಆದಕಾರಣ ಬಣ್ಣದ ಕೆಳಗೆ ಒಂದು ಚುಕ್ಕೆಯಷ್ಟು ತುಕ್ಕು ಉಳಿದರೂ ಅದು ಉಬ್ಬಿ, ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸಿ, ಒಡೆದು, ಹೊಸ ನೀರಿಗೆ ದಾರಿ ಮಾಡಿಕೊಡುತ್ತದೆ. ತಾಮ್ರದ ಕಿಲುಬು ಬಹುಮಟ್ಟಿಗೆ ಲೋಹವನ್ನು ಮುಚ್ಚಿ ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಪದರ ಪದರವಾಗಿ ಉದುರಿ ಒಳಗಿನ ಲೋಹವನ್ನೂ ಬಯಲಿಗೆ ಎಳೆಯುತ್ತದೆ.

ಮಲೆನಾಡಿನಲ್ಲಿ ಈ ವ್ಯಾಧಿ ಬಲವಾಗಲು ಮಳೆಯೊಂದೇ ಕಾರಣವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಟ್ಟ ಹೊತ್ತಿನಲ್ಲಿಯೂ ಗಾಳಿ ತೇವದಿಂದ ತುಂಬಿರುತ್ತದೆ. ಒದ್ದೆಯಾದ ಯಂತ್ರವನ್ನು ತಂದು ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿದರೆ ನೀರು ಆರುವುದಕ್ಕೆ ಬದಲಾಗಿ ಒಳಗೇ ಬೆವರುತ್ತದೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸುವ ಪದ್ಧತಿಯೂ ಉಂಟು. ಗಂಜಲದ ಲವಣಗಳೂ ಅಲ್ಲಿಯ ಆವಿಯೂ ಲೋಹಕ್ಕೆ ಶತ್ರುಗಳು. ಪೊಟ್ಯಾಷ್ ಗೊಬ್ಬರದ ಮೂಟೆಯನ್ನು ಹಿಂದಿನ ಸೀಟಿಗೆ ಕಟ್ಟಿ ತರುತ್ತೇವೆ. ಅದರಲ್ಲಿರುವ ಕ್ಲೋರೈಡು ಅಡಿಗೆಯ ಉಪ್ಪಿನಷ್ಟೇ ಚುರುಕಾಗಿ ತುಕ್ಕನ್ನು ಬೆಳೆಸುತ್ತದೆ. ಮೈಲುತುತ್ತದ ಮಾತಂತೂ ಬೆಳೆಗಾರರಿಗೆ ಹೇಳಬೇಕಾದುದೇ ಇಲ್ಲ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಅವರು ಅದರಲ್ಲಿ ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಸಾಲದು ಎಂದರ್ಥ. ಅಂದರೆ ತಾಮ್ರವು ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ತಾನು ಕೂತಿತು. ಅದೇ ದ್ರಾವಣದ ಹನಿಗಳು ಗಾಡಿಯ ಮೇಲೆ ಬಿದ್ದರೆ ಅಲ್ಲಿಯೂ ನಡೆಯುವುದು ಇದೇ.

ಹೊಗೆ ಕೊಳವೆಯ ಕಥೆ ಬೇರೆ. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಕಾದು ಆ ಆವಿ ಹೊರಕ್ಕೆ ಹೋಗುತ್ತದೆ. ತೋಟದಿಂದ ಅಂಗಡಿಗೆ, ಅಂಗಡಿಯಿಂದ ತೋಟಕ್ಕೆ ಎಂದು ಓಡಾಡುವ ಗಾಡಿಯಲ್ಲಿ ಅದು ಒಳಗೇ ತಣಿದು ನೀರಾಗಿ ನಿಲ್ಲುತ್ತದೆ. ಸೈಲೆನ್ಸರು ಹೊರಗಿನಿಂದ ಚೆನ್ನಾಗಿಯೇ ಕಂಡು ಒಂದು ದಿನ ಹಠಾತ್ತಾಗಿ ತೂತು ಬೀಳುವುದರ ರಹಸ್ಯ ಇದೇ.

ಹಳೆಯ ಗಾಡಿಗಳ ಮೇಲೆ ಪ್ರೀತಿಯುಳ್ಳವರು ಈ ಸೀಮೆಯಲ್ಲಿ ಬಹುಮಂದಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಉದ್ಘಾಟಿಸಿದರು. ಅಲ್ಲಿಂದ ಬಂದ ಜಾವಾ, ಅನಂತರದ ಯೆಜ್ಡಿ ಗಾಡಿಗಳು ಘಟ್ಟದ ದಾರಿಗಳನ್ನು ದಶಕಗಳ ಕಾಲ ಹತ್ತಿ ಇಳಿದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಮನೆಗಳಲ್ಲಿ ಉಳಿದುಕೊಂಡವು. ಅವುಗಳ ಮೂಲಭಾಗಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯವು. ಹೀಗಿರಲು ತಂದೆಯ ಕಾಲದ ಪೆಟ್ಟಿಗೆಯ ಮುಚ್ಚಳವನ್ನೋ, ಸರಪಣಿಯ ಕವಚವನ್ನೋ ಎಸೆಯದೆ ಉಳಿಸಿಕೊಳ್ಳುವುದು ಜಿಪುಣತನವಲ್ಲ, ಅನಿವಾರ್ಯ.

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಮೊದಲು ಮಾಡತಕ್ಕದ್ದು ಪರೀಕ್ಷೆ. ತುಕ್ಕು ಚರ್ಮದ ಮೇಲಿನದೋ, ಮಾಂಸವನ್ನು ತಿಂದಿರುವುದೋ ಎಂದು ತಿಳಿಯಬೇಕು. ತಂತಿ ಬ್ರಷ್ಷಿನಿಂದ ಉಜ್ಜಿ, ದಬ್ಬಳದ ತುದಿಯಿಂದ ಒತ್ತಿ ನೋಡಬೇಕು. ಸ್ಪ್ಯಾನರಿನಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಲೋಹ ಟಣ್ಣೆನ್ನುತ್ತದೆ, ಸವೆದುದು ಮಂಕಾಗಿ ಸದ್ದು ಮಾಡುತ್ತದೆ. ಮಡ್‌ಗಾರ್ಡು, ಪೆಟ್ಟಿಗೆಯ ಮುಚ್ಚಳ, ಸರಪಣಿಯ ಕವಚ, ದೀಪದ ಬುರುಡೆ, ಇವು ಬಣ್ಣಕ್ಕೆ ಯೋಗ್ಯವಾದವು. ಬ್ರೇಕಿನ ಸಲಾಕೆ, ಹ್ಯಾಂಡಲ್ಲು, ಮುಂದಿನ ಫೋರ್ಕು, ಗಾಲಿಯ ರಿಮ್ಮಿನಲ್ಲಿ ಕಡ್ಡಿ ಕೂರುವ ತೂತುಗಳು, ಚಾಸಿಯ ಬೆಸುಗೆಗಳು, ಇವುಗಳಲ್ಲಿ ಲೋಹವೇ ಸವೆದಿದ್ದರೆ ಬಣ್ಣವು ಔಷಧಿಯಲ್ಲ, ಹೆಣಕ್ಕೆ ಮಾಡಿದ ಶೃಂಗಾರ. ಅವನ್ನು ಬದಲಾಯಿಸಬೇಕು, ಇಲ್ಲವೆ ಬಲ್ಲ ಕಮ್ಮಾರನಿಗೋ ಮೆಕ್ಯಾನಿಕ್ಕನಿಗೋ ಒಪ್ಪಿಸಬೇಕು. ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವಾಗ ಬ್ರೇಕಿನ ಸಲಾಕೆ ತುಂಡಾದರೆ ಅದರ ಮೇಲಿನ ಬಣ್ಣ ಎಷ್ಟು ನುಣುಪಾಗಿದ್ದರೇನು?

ಆಮೇಲೆ ಭಾಗಗಳನ್ನು ಬಿಚ್ಚಬೇಕು. ತಿರುಪುಗಳನ್ನು ಬೇರೆಬೇರೆ ತೆಂಗಿನ ಕರಟಗಳಲ್ಲಿ ಹಾಕಿ ಯಾವುದು ಎಲ್ಲಿಯದೆಂದು ಚೀಟಿ ಬರೆದಿಡುವುದು ಬುದ್ಧಿವಂತಿಕೆ. ಬ್ಯಾಟರಿಯ ತಟ್ಟೆಯಲ್ಲಿ ಆಮ್ಲ ಚೆಲ್ಲಿದ್ದರೆ ಅಡಿಗೆ ಸೋಡದ ನೀರಿನಿಂದ ತೊಳೆದು ಅದರ ಉರಿಯನ್ನು ಕಳೆಯಬೇಕು. ಸರಪಣಿಯ ಜಿಡ್ಡನ್ನು ಡೀಸೆಲ್ಲಿನಿಂದ ಬಿಡಿಸಿ, ಡೀಸೆಲ್ಲಿನ ಜಿಡ್ಡನ್ನು ಸಾಬೂನು ನೀರಿನಿಂದ ಬಿಡಿಸಿ, ಶುದ್ಧ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಜಿಡ್ಡಿರುವಾಗಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು, ಮುಂದೆ ಬಣ್ಣವನ್ನು ಅಂಟಗೊಡುವುದಿಲ್ಲ.

ಉಜ್ಜುವುದೇ ಈ ಕೆಲಸದ ಮುಕ್ಕಾಲು ಪಾಲು. 80 ಅಥವಾ 120ನೆಯ ನಂಬರಿನ ಉಪ್ಪುಕಾಗದದಿಂದ ಆರಂಭಿಸಿ, 220, 400 ಎಂದು ನಯವಾದ ಕಾಗದಕ್ಕೆ ಏರಬೇಕು. ತುಕ್ಕಿನ ಸುತ್ತಲ ಗಟ್ಟಿ ಬಣ್ಣದ ಅಂಚನ್ನು ಇಳಿಜಾರಾಗುವಂತೆ ತೇಯಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ತಗುಲಬಾರದು. ಹಳೆಯ ಗಾಡಿಗಳ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಆ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಕೆಸರನ್ನು ಮಕ್ಕಳೂ ಕೋಳಿಗಳೂ ಸುಳಿಯದ ಕಡೆ ಒರೆಸಿ ತೆಗೆಯಬೇಕು.

ಗುಳಿಗಳ ತಳದಲ್ಲಿ ಕಾಗದಕ್ಕೆ ನಿಲುಕದ ತುಕ್ಕು ಉಳಿದೇ ಉಳಿಯುತ್ತದೆ. ಅದಕ್ಕೆ ತುಕ್ಕನ್ನು ಮಾರ್ಪಡಿಸುವ ದ್ರವಗಳು ಅಂಗಡಿಯಲ್ಲಿ ದೊರೆಯುತ್ತವೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ. ಎರಡನೆಯದರ ತತ್ತ್ವವನ್ನು ನಮ್ಮ ಹಿರಿಯರು ಬಲ್ಲರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಅವರು ಮಸಿ ಮಾಡುತ್ತಿದ್ದರು. ಅಳಲೆಯ ಒಗರು ಕಬ್ಬಿಣವನ್ನು ಕೂಡಿ ಕರಗದ ಕಪ್ಪಾಗುತ್ತಿತ್ತು. ತುಕ್ಕಿನ ಮೇಲೆ ಬಳಿದ ದ್ರವ ಕಪ್ಪಾಗುವುದೂ ಇದೇ ಕಾರಣದಿಂದ. ಮೊದಲನೆಯ ಬಗೆಯದು ಲೋಹದ ಮೇಲೆ ಫಾಸ್ಫೇಟಿನ ತೆಳುವಾದ ಹೊದಿಕೆಯನ್ನು ಬೆಳೆಸುತ್ತದೆ. ದೆಹಲಿಯ ಕಬ್ಬಿಣದ ಕಂಬವು ಸುಮಾರು 1600 ವರ್ಷ ಬಯಲಿನಲ್ಲಿ ನಿಂತು ಉಳಿದಿರುವುದಕ್ಕೂ ಅದರ ಕಬ್ಬಿಣದಲ್ಲಿರುವ ರಂಜಕದಿಂದ ಹುಟ್ಟಿದ ಅಂಥದೇ ಹೊದಿಕೆ ಮುಖ್ಯ ಕಾರಣವೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ.

ಉಜ್ಜಿ ಬೆತ್ತಲಾದ ಕಬ್ಬಿಣವನ್ನು ಮಲೆನಾಡಿನ ಗಾಳಿಯಲ್ಲಿ ಒಂದು ರಾತ್ರಿಯೂ ಬಿಡಕೂಡದು. ಬೆಳಗಾಗುವುದರೊಳಗೆ ಮತ್ತೆ ಕೆಂಪಾಗಿರುತ್ತದೆ. ಥಿನ್ನರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಅದೇ ದಿನ ಪ್ರೈಮರನ್ನು ಕೊಡಬೇಕು. ಮನೆಗೆಲಸಕ್ಕೆ ರೆಡ್ ಆಕ್ಸೈಡ್ ಪ್ರೈಮರು ಸಾಕು. ಅದರಲ್ಲಿರುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಎಂಬುದು ವಿನೋದದ ಸಂಗತಿ. ಈಗಾಗಲೇ ಕೆಮ್ಮಣ್ಣಾದುದು ಮತ್ತೇನೂ ಆಗಲಾರದಷ್ಟೆ! ಆದರೆ ಪ್ರೈಮರೊಂದರಿಂದಲೇ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ಸೂಕ್ಷ್ಮ ರಂಧ್ರಗಳುಳ್ಳ ಪದರ. ಮೇಲಿನ ಬಣ್ಣವಿಲ್ಲದೆ ಅದನ್ನು ಮಳೆಗೆ ಒಡ್ಡಿದರೆ ನೀರು ಒಳಗಿಳಿಯುತ್ತದೆ.

ಮೇಲಿನ ಬಣ್ಣಕ್ಕೆ ಎನಾಮೆಲ್ ಯೋಗ್ಯವಾದುದು. ಬ್ರಷ್ಷಿನಿಂದಲೂ ಬಳಿಯಬಹುದು, ಸ್ಪ್ರೇ ಡಬ್ಬಿಯಿಂದಲೂ ಊದಬಹುದು. ಡಬ್ಬಿಯಾದರೆ ಚೆನ್ನಾಗಿ ಕುಲುಕಿ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಹಿಡಿದು, ಭಾಗದ ಅಂಚಿನ ಆಚೆಯಿಂದ ಆರಂಭಿಸಿ ಇನ್ನೊಂದು ಅಂಚಿನ ಆಚೆಗೆ ನಿಲ್ಲಿಸಬೇಕು. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಲೇಸು. ದಪ್ಪಗೆ ಬಳಿದರೆ ಮೇಲ್ಮೈ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆ ಮೇಲೆ ಸುಕ್ಕು. ಡೂಕೋ ಎಂದು ಕೆಲಸಗಾರರು ಹೇಳುವ ಬೇಗ ಆರುವ ಬಣ್ಣವು ನೋಡಲು ಚೆಲುವು. ಆದರೆ ಅದರ ಥಿನ್ನರು ಥಟ್ಟನೆ ಆವಿಯಾಗುವಾಗ ಲೋಹ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣವು ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಅದನ್ನು ಮುಟ್ಟದಿರುವುದೇ ಕ್ಷೇಮ. ಎನಾಮೆಲಿನ ಮೇಲೆ ಡೂಕೋ ಊದಿದರೆ ಕೆಳಗಿನ ಬಣ್ಣವೇ ಎದ್ದು ಬರುವುದೂ ಉಂಟು. ಸೈಲೆನ್ಸರಿಗೆ ಇವೆರಡೂ ಸಲ್ಲವು. ಶಾಖವನ್ನು ತಡೆಯುವ ಬಣ್ಣವೇ ಬೇರೆ ಇದೆ, ಅದು ಎಂಜಿನ್ನಿನ ಬಿಸಿಯಿಂದಲೇ ಪಕ್ವವಾಗುತ್ತದೆ. ಕ್ರೋಮಿನ ಹೊಳಪನ್ನಂತೂ ಯಾವ ಬಣ್ಣವೂ ಮರಳಿ ಕೊಡಲಾರದು. ಉಳಿದಿರುವುದನ್ನು ಒರೆಸಿ ಮೇಣ ಸವರಿ ಕಾಪಾಡಿಕೊಳ್ಳಬೇಕು.

ಕಾಲದ ಆಯ್ಕೆ ಮುಖ್ಯವಾದುದು. ಕಾಫಿಯ ಕುಯ್ಲು ಮುಗಿದು, ಹೂಮಳೆ ಬೀಳುವುದಕ್ಕೆ ಮೊದಲು ದೊರೆಯುವ ಫೆಬ್ರವರಿ ಮಾರ್ಚಿಯ ಒಣದಿನಗಳೇ ಇದಕ್ಕೆ ಪ್ರಶಸ್ತ. ಆ ದಿನಗಳಲ್ಲಿಯೂ ಬೆಳಗಿನ ಮಂಜು ಪೂರಾ ಕರಗಿ ಲೋಹ ಬೆಚ್ಚಗಾದ ಮೇಲೆ ಆರಂಭಿಸಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಬೇಕು. ಸಂಜೆಯ ಇಬ್ಬನಿ ಹಸಿ ಬಣ್ಣದ ಮೇಲೆ ಇಳಿದರೆ ಹೊಳಪು ಹೋಗುತ್ತದೆ. ಧೂಳೇಳದಂತೆ ಅಂಗಳಕ್ಕೆ ನೀರು ಚಿಮುಕಿಸಬಹುದು. ಸ್ಥಳದ ವಿಚಾರದಲ್ಲಿ ಒಂದು ಎಚ್ಚರಿಕೆ: ಕಾಫಿಯ ಗೋದಾಮಿನಲ್ಲಿಯೂ, ಕಾಫಿ ಹರಡಿದ ಕಣದ ಬಳಿಯಲ್ಲಿಯೂ ಬಣ್ಣದ ಕೆಲಸ ಕೂಡದು. ಕಾಫಿ ಬೀಜವು ಸುತ್ತಲ ವಾಸನೆಯನ್ನು ಬಹುಬೇಗ ಹೀರಿಕೊಳ್ಳುತ್ತದೆ. ಒಂದು ಮಡ್‌ಗಾರ್ಡಿನ ಸಲುವಾಗಿ ವರ್ಷದ ಬೆಳೆಯ ಪರಿಮಳವನ್ನು ಕೆಡಿಸಿಕೊಳ್ಳುವುದು ಯಾರಿಗೆ ಬೇಕು?

ಅಪಾಯಗಳನ್ನು ಹೇಳದೆ ಬಿಟ್ಟರೆ ಉಪನ್ಯಾಸ ಅಪೂರ್ಣವಾಗುತ್ತದೆ. ಪೆಟ್ರೋಲಿನ ಟ್ಯಾಂಕು ಬರಿದಾದ ಮಾತ್ರಕ್ಕೆ ನಿರಪಾಯವಲ್ಲ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಬರಿಯ ಟ್ಯಾಂಕೇ ಸಿಡಿಯುವುದಕ್ಕೆ ಹೆಚ್ಚು ಸಿದ್ಧವಾಗಿರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಬಚ್ಚಲ ಒಲೆಯ ಬೆಂಕಿಯನ್ನೂ ಮುಟ್ಟಬಲ್ಲುದು. ಟ್ಯಾಂಕಿನ ಬೆಸುಗೆಯನ್ನು ಮನೆಯಲ್ಲಿ ಎಂದೂ ಮಾಡಬಾರದು, ಅದರ ಬಳಿ ಕಿಡಿ ಹಾರುವ ಯಂತ್ರವನ್ನು ಬಳಸಬಾರದು. ಗಟ್ಟಿಕಾರಕವನ್ನು ಬೆರೆಸಿ ಊದುವ ಎರಡು ಡಬ್ಬಿಯ ಬಣ್ಣಗಳಲ್ಲಿ ಐಸೋಸಯನೇಟು ಎಂಬ ಪದಾರ್ಥವಿರುತ್ತದೆ. ಅದು ಶ್ವಾಸಕೋಶಕ್ಕೆ ಹಾನಿಕರ, ಬಟ್ಟೆಯ ಮುಖವಾಡ ಅದನ್ನು ತಡೆಯದು. ಅದನ್ನು ತಕ್ಕ ಸಲಕರಣೆಯುಳ್ಳವರಿಗೆ ಬಿಡುವುದು ಮೇಲು. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಕೊರೆದಿರುವ ಅಂಕಿಗಳನ್ನು ಉಜ್ಜಿ ಅಳಿಸಬಾರದು, ಬಣ್ಣದಿಂದ ತುಂಬಿ ಮುಚ್ಚಲೂ ಬಾರದು. ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣವೂ ನಮೂದಾಗಿರುವುದರಿಂದ, ಬೇರೆ ಬಣ್ಣ ಕೊಡಬೇಕೆನ್ನುವವರು ಸಾರಿಗೆ ಕಚೇರಿಯಲ್ಲಿ ಅದನ್ನು ದಾಖಲು ಮಾಡಿಸಬೇಕು.

ಮೊದಲು ಹೇಳಿದ ಹೋಲಿಕೆಗೆ ಈಗ ಬರುತ್ತೇವೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಕ್ರಮೇಣ ಆ ದ್ವೀಪದ ಕಾಫಿಯನ್ನು ನೆಲಕಚ್ಚಿಸಿತು. ಅಲ್ಲಿಯವರು ಚಹಕ್ಕೆ ತಿರುಗಿಕೊಂಡರು. ನಮ್ಮ ಬೆಟ್ಟಗಳಲ್ಲಿ ಕಾಫಿ ಉಳಿದುದಕ್ಕೆ ಕಾರಣಗಳು ಹಲವು. 1925ರಲ್ಲಿ ಮೈಸೂರು ಸರ್ಕಾರದವರು ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಕಾಫಿ ಪ್ರಯೋಗ ಕ್ಷೇತ್ರವೂ, ರೋಗ ತಡೆಯುವ ತಳಿಗಳೂ, ಕಾಲಕ್ಕೆ ಸರಿಯಾಗಿ ಮದ್ದು ಹೊಡೆಯುವ ಅಭ್ಯಾಸವೂ ಅವುಗಳಲ್ಲಿ ಸೇರಿವೆ. ಬೆಳೆಗಾರನು ಎಲೆ ಉದುರಿದ ಮೇಲೆ ಮದ್ದು ಹೊಡೆಯುವುದಿಲ್ಲ. ಮುಂಗಾರಿಗೆ ಮುಂಚೆಯೇ ಎಲೆಯನ್ನು ಕವಚದಿಂದ ಮುಚ್ಚುತ್ತಾನೆ. ಬಣ್ಣವೂ ಅಂಥ ಕವಚ. ಅದು ಕಾಯಬಲ್ಲುದೇ ಹೊರತು ಹೋದ ಲೋಹವನ್ನು ತರಲಾರದು. ಪ್ಯಾರಿಸ್ಸಿನ ಐಫೆಲ್ ಗೋಪುರ 1889ರಿಂದ ಇಂದಿನವರೆಗೆ ನಿಂತಿರುವುದು ಸುಮಾರು ಏಳು ವರ್ಷಗಳಿಗೊಮ್ಮೆ ಅದಕ್ಕೆ ಮೈತುಂಬ ಬಣ್ಣ ಬಳಿಯುತ್ತ ಬಂದಿರುವುದರಿಂದ. ಅಷ್ಟು ದೊಡ್ಡ ಕಬ್ಬಿಣಕ್ಕೆ ಸಲ್ಲುವ ನಿಯಮವೇ ನಮ್ಮ ಅಂಗಳದ ಗಾಡಿಗೂ ಸಲ್ಲುತ್ತದೆ.

ಈ ಕವಚವನ್ನು ಮೋಸಕ್ಕೆ ಬಳಸುವುದೂ ನಡೆಯುತ್ತದೆಂಬುದನ್ನು ಹೇಳದಿರಲಾಗದು. ತೂತುಬಿದ್ದ ಕಬ್ಬಿಣದ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಸಂತೆಯ ದಿನ ಹೊಳೆಯುವ ಗಾಡಿಯನ್ನು ಮಾರುವವರಿದ್ದಾರೆ. ಕೊಳ್ಳುವವನು ಹೆಚ್ಚಾಗಿ ಮೊದಲ ಸಂಬಳ ಕಂಡ ಹುಡುಗ. ಅವನು ಕೊಟ್ಟ ಹಣಕ್ಕಿಂತ ಅವನು ಆ ಗಾಡಿಯ ಮೇಲೆ ಇಟ್ಟ ಪ್ರಾಣ ದೊಡ್ಡದು. ಕೊಳ್ಳುವವರು ಒಂದು ಅಯಸ್ಕಾಂತದ ಚೂರನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಉಕ್ಕಿನ ತಗಡಿರಬೇಕಾದಲ್ಲಿ ಅದು ಅಂಟದಿದ್ದರೆ ಅಲ್ಲಿ ಪುಟ್ಟಿಯಿದೆಯೆಂದು ತಿಳಿಯಬಹುದು. ಮಾರುವವರಿಗೆ ಹೇಳಬೇಕಾದುದು ಇಷ್ಟೆ: ಏನು ಸವೆದಿದೆಯೆಂಬುದನ್ನು ಬಾಯಿಬಿಟ್ಟು ಹೇಳಿ ಮಾರಿದರೆ ಬೆಲೆ ಸ್ವಲ್ಪ ಇಳಿಯಬಹುದು, ನಿದ್ರೆ ಕೆಡುವುದಿಲ್ಲ.

ಓದು ಬಲ್ಲವರಿಗೆ ಕೈಗೆಲಸ ತಕ್ಕುದಲ್ಲವೆಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಪಟ್ಟಣದ ಶ್ರೋತೃಗಳಲ್ಲಿ ಅನೇಕರ ತಂದೆತಾಯಿಗಳು ಮಲೆನಾಡಿನ ಮನೆಗಳಲ್ಲಿ ಇದ್ದಾರೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಎರಡು ದಿನವನ್ನು ಈ ಕೆಲಸಕ್ಕೆ ಕೊಡಬಹುದು. ಉಪ್ಪುಕಾಗದ, ಪ್ರೈಮರು, ಒಂದು ಡಬ್ಬಿ ಬಣ್ಣ, ಇವುಗಳಿಗೆ ಆಗುವ ಖರ್ಚು ಹೆಚ್ಚಲ್ಲ. ಉಜ್ಜುವಾಗ ಯಂತ್ರದ ಒಂದೊಂದು ಭಾಗವೂ ಕೈಗೆ ಬರುತ್ತದೆ. ಸಡಿಲವಾದ ತಿರುಪು, ಬಿರುಕುಬಿಟ್ಟ ಬೆಸುಗೆ, ಸವೆದ ಬ್ರೇಕಿನ ಸಲಾಕೆ ಆಗ ಕಣ್ಣಿಗೆ ಬೀಳುತ್ತವೆ. ಬಣ್ಣಕ್ಕಿಂತ ಹೆಚ್ಚಿನ ಲಾಭ ಇದೇ. ಮುಂದಿನ ಮುಂಗಾರಿನಲ್ಲಿ ಆ ಗಾಡಿಯನ್ನು ಏರಿ ಘಟ್ಟ ಇಳಿಯುವವರು ನಮ್ಮವರೇ ಆಗಿರುವುದರಿಂದ, ಆ ಎರಡು ದಿನಗಳು ವ್ಯರ್ಥವಾದುವೆಂದು ಯಾರೂ ಹೇಳಲಾರರು.